ಆರೈಕೆಗೆ ಬಂದ ಬೀಗತಿ

ದಿಕ್ಕಿಲ್ಲದವರನ್ನು ಕಂಡು ಲೋಕ ಮರುಗುತ್ತದೆ. ಮರುಗಲಿ, ಬೇಡ ಎನ್ನುವುದಿಲ್ಲ. ಆದರೆ ಕಾಗವಾಡ, ಉಗಾರ, ಅಥಣಿ, ರಾಯಬಾಗ ಎಂದು ಯಾವ ಬಸ್ಸು ಹತ್ತಿದರೂ ಯಾರೋ ಒಬ್ಬರು ನೆಂಟರ ಮನೆ ಮುಂದೆಯೇ ಇಳಿಯುವ ನನ್ನಂಥವಳನ್ನು ಕಂಡು ಯಾರೂ ಅಯ್ಯೋ ಪಾಪ ಅನ್ನುವುದಿಲ್ಲ. ನೆಂಟರು ಎಂಬ ಶಬ್ದ ಕಿವಿಗೆ ಬಿದ್ದರೆ ಈಗೀಗ ನನಗೆ ಮೈಯೆಲ್ಲ ಉರಿಯುತ್ತದೆ. ಇದು ಅತಿಯಾಯಿತು ಎಂದು ನಿಮಗೆ ಅನ್ನಿಸಬಹುದು. ನಿಮ್ಮ ಅತ್ತೆಯೂ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಎಲುಬು ಮುರಿದುಕೊಳ್ಳಲಿ ಎಂದು ನಾನು ಹಾರೈಸುವುದಿಲ್ಲ. ಹಾಗೇನಾದರೂ ಆದರೆ ಆಮೇಲೆ ಬಂದು ಮಾತಾಡಿ.

ನಮ್ಮ ಅತ್ತೆ ಬಿದ್ದರು. ಮಿರಜದಲ್ಲಿ ಆಪರೇಶನ್ ಆಯಿತು. ಮನೆಗೆ ಕಳಿಸುವಾಗ ಡಾಕ್ಟರು ನನ್ನನ್ನೇ ನೋಡಿ, "ಮುಂಜಾನಿ, ಸಂಜಿ ಎರಡೂ ಹೊತ್ತು ವಾಕರ್ ಹಿಡಿಸಿ ನಡಸ್ರಿ. ಈಗ ಕೈ ಬಿಟ್ರ ಅಜ್ಜಿ ಮುಂದ ಹಾಸಿಗಿ ಬಿಟ್ಟ ಏಳೂದಿಲ್ಲ" ಎಂದರು. ಪಕ್ಕದಲ್ಲಿ ನನ್ನ ಗಂಡ ನಿಂತಿದ್ದರು, ಅವರನ್ನು ನೋಡಲಿಲ್ಲ. ಡಾಕ್ಟರಿಗೂ ಗೊತ್ತು. ಅತ್ತೆಯನ್ನು ನಡೆಸಲು ಇಬ್ಬರು ಬೇಕು, ಒಬ್ಬರು ಹಿಂದಿನಿಂದ ಸೊಂಟ ಹಿಡಿಯಲು, ಇನ್ನೊಬ್ಬರು ವಾಕರ್ ಸರಿಸಲು. ನಾನೋ ಕಾಗವಾಡದ ಒಂದು ಪತ್ತಿನ ಸಂಘದಲ್ಲಿ ಕಾರಕೂನಳು, ರಜೆ ಮುಗಿಯುತ್ತ ಬಂದಿತ್ತು. ಗಂಡನನ್ನು ಕೇಳಿದರೆ, "ನಾ ಅದೀನಲ್ಲ, ಯಾಕ ಕಾಳಜಿ ಮಾಡ್ತಿ?" ಎನ್ನುತ್ತಿದ್ದರು. ಈ ಮಾತನ್ನು ಅವರು ಆಡುವುದು ಬೈಕಿಗೆ ಕಿಕ್ ಹೊಡೆಯುವಾಗ. ಮುಂದಿನ ಮಾತು ದ್ರಾಕ್ಷಿ ತೋಟದಿಂದ ಫೋನಿನಲ್ಲಿ.

ಇಷ್ಟು ಸಾಲದೆಂದು ಮಾತಾಡಿಸಲು ಬರುವವರು. ನಾವು ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಬರುವವರಲ್ಲೂ ಹೆಚ್ಚಿನವರು ನಮ್ಮವರೇ. ಹಾಗಾಗಿ ಎಲ್ಲರೂ ನಾಲ್ಕರ ಸುಮಾರಿಗೆ ಒಟ್ಟಿಗೆ ಇಳಿಯುತ್ತಾರೆ, ಹೊತ್ತು ಮುಳುಗುವುದರೊಳಗೆ ಅವರಿಗೆಲ್ಲ ಎಡೆ ಹಾಕಬೇಕು. ಅತ್ತೆಯನ್ನು ನಡೆಸಬೇಕಾದ ಹೊತ್ತೂ ಅದೇ. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದರೆ ಹೊರಗೆ ಅತ್ತೆ ತಾವು ಬಿದ್ದ ಕಥೆ ಹೇಳುತ್ತಿದ್ದರು, ಹೇಳಿದ ಹಾಗೆಲ್ಲ ನಮ್ಮ ಬಚ್ಚಲು ಇನ್ನಷ್ಟು ಜಾರುತ್ತಿತ್ತು. ಒಮ್ಮೆ ಊರ ಹಿರಿಯರೊಬ್ಬರು ಬಂದು, ಮನೆಯಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿ ಕಂಡ ಕುರ್ಚಿಯಲ್ಲಿ ಕುಳಿತು ಸಂಸಾರ ನಶ್ವರ ಎಂದು ಬಹಳ ಹೊತ್ತು ಹೇಳಿದರು. ಅದು ಅತ್ತೆಯ ಕಮೋಡ್ ಕುರ್ಚಿ. ಶಾಲು ಹೊದಿಸಿ ಇಟ್ಟಿದ್ದೆ. ನಾನೂ ಹೇಳಲಿಲ್ಲ, ಸಿಟ್ಟು ಅಷ್ಟಿತ್ತು.

ಈ ಸೀಮೆಯಲ್ಲಿ ಏನು ಸಿಗುವುದಿಲ್ಲ ಹೇಳಿ. ಕಬ್ಬು ಕಡಿಯಲು ಗ್ಯಾಂಗು ಸಿಗುತ್ತದೆ. ಮದುವೆಗೆ ಶಾಮಿಯಾನ, ಅಡಿಗೆಯವರು, ಡ್ರೋನು ಹಾರಿಸುವವರು, ಚಿಕ್ಕೋಡಿಗೆ ಹೋಗಿ, ನಿಪ್ಪಾಣಿಗೆ ಹೋಗಿ, ನಿಂತ ಕಾಲ ಮೇಲೆ ಸಿಗುತ್ತಾರೆ. ಒಂದು ಮುದಿ ಜೀವದ ಹತ್ತಿರ ಒಂದು ತಾಸು ಕೂತು ಮಗ್ಗಲು ಬದಲಿಸುವವರು ಬೇಕೆಂದರೆ ಮಾತ್ರ ಎಲ್ಲರೂ ನನ್ನ ಮುಖವನ್ನೇ ನೋಡುತ್ತಾರೆ. ಹಿರಿಯರನ್ನು ಗೌರವಿಸಿ ಎಂದು ಗೋಡೆಗೋಡೆಗೆ ಬರೆದಿದೆ. ಹಿರಿಯರನ್ನು ಎತ್ತಿ ಕೂರಿಸುವುದು ಹೇಗೆ ಎಂದು ಯಾವ ಗೋಡೆಯ ಮೇಲೂ ನಾನು ಓದಿಲ್ಲ. ರಜೆ ಮುಂದುವರಿಸಲು ಕೇಳಿದಾಗ ನಮ್ಮ ಸಂಘದ ಅಧ್ಯಕ್ಷರು, "ಮನ್ಯಾಗ ಅಷ್ಟ ಮಂದಿ ಐತಲ್ರಿ ನಿಮಗ!" ಎಂದರು. ಆ ಮಂದಿಗೆ ಚಹಾ ಕಾಸಲಿಕ್ಕೇ ರಜೆ ಬೇಕಾಗಿತ್ತು ಎಂದು ಅವರಿಗೆ ಹೇಗೆ ಹೇಳಲಿ?

ಕೊನೆಗೆ ಮಿರಜದ ಒಂದು ಬ್ಯೂರೋದಿಂದ ಆಯಾ ಒಬ್ಬಳನ್ನು ಗೊತ್ತು ಮಾಡಿದೆ. ಈ ಕೆಲಸದ ಹೆಣ್ಣುಮಕ್ಕಳನ್ನು ನಮ್ಮ ಕಡೆ ಮಾವಶಿ ಎನ್ನುತ್ತಾರೆ. ಹೆಸರು ಸುನಂದಾ, ರಾಯಬಾಗ ಕಡೆಯ ಹಳ್ಳಿಯವಳು. ಬಂದವಳೇ ಚೀಲ ಮೂಲೆಗಿಟ್ಟು, ಕೈ ತೊಳೆದು, ಅತ್ತೆಯ ಮೈ ಒರೆಸಿ, ತಲೆ ಬಾಚಿ, ನನ್ನ ಕೈಗೆ ವಾಕರ್ ಕೊಟ್ಟು ತಾನು ಸೊಂಟ ಹಿಡಿದಳು. ಅತ್ತೆ ಹೊಸ್ತಿಲ ತನಕ ನಡೆದರು. ನನಗೆ ಅಳುವೇ ಬಂತು.

ನಾಲ್ಕಕ್ಕೆ ಉಗಾರ ಬುದ್ರುಕದಿಂದ ಆತ್ಯಾ ಬಂದರು. ಆತ್ಯಾ ಎಂದರೆ ನಮ್ಮ ಮಾವನವರ ತಂಗಿ. ಹೊಸಬರನ್ನು ಕಂಡರೆ ಊರು ಕೇಳಬೇಕು, ಅಡ್ಡಹೆಸರು ಕೇಳಬೇಕು, ಆಮೇಲೆ ತಾಯಿಯ ತವರು ಕೇಳಬೇಕು. ಸಂಬಂಧ ಸಿಗುವವರೆಗೆ ಬಿಡಬಾರದು. ಇದು ನಮ್ಮವರ ಪದ್ಧತಿ. ಆತ್ಯಾ ಬಿಡಲಿಲ್ಲ.

"ಅಯ್ಯ ನನ್ನವ್ವಾ! ಹಂಗಾದ್ರ ನೀ ನಮ್ಮ ಶೋಭಾನ ನಾದ್ನಿ ಆದೆಲ್ಲ!"

ಶೋಭಾ ಎಂದರೆ ಆತ್ಯಾ ಅವರ ಸೊಸೆಯ ತಂಗಿ. ಅವಳನ್ನು ಸುನಂದಾಳ ದೊಡ್ಡಪ್ಪನ ಮಗನಿಗೆ ಕೊಟ್ಟಿದೆಯಂತೆ. ಕೇಳಿದ್ದೇ ತಡ, ಅತ್ತೆ ಸೀರೆಯನ್ನು ಕಾಲ ಮೇಲೆ ಎಳೆದುಕೊಂಡು, ನನ್ನತ್ತ ತಿರುಗಿ, "ಪದ್ಮಾ, ಬೀಗರು ಬಂದಾರ, ಚಾ ಇಡು" ಎಂದರು.

ಅಲ್ಲಿಗೆ ಮುಗಿಯಿತು. ಮರುದಿನ ಸುನಂದಾ ಬಿಸಿನೀರು ತಂದರೆ ಅತ್ತೆ ಕೈ ಅಡ್ಡ ಹಿಡಿದರು. "ಬೀಗರ ಕೈಲೆ ಮೈ ತೊಳಸ್ಕೊಳ್ಳೂದ? ನಾಳಿ ನಾಕ ಮಂದ್ಯಾಗ ಮಾರಿ ಹೆಂಗ ತೋರಸ್ಲಿ? ನೀ ಕುಂದರವಾ, ಪದ್ಮಾ ಅದಾಳಲ್ಲ." ಪದ್ಮಾ ಇದ್ದಳು. ಅತ್ತೆಗೆ ಗಂಜಿ, ಬೀಗತಿಗೆ ಬಿಸಿ ರೊಟ್ಟಿ, ಗಟ್ಟಿ ಮೊಸರು. ಸುನಂದಾ ನಾಚಿಕೊಂಡು ಕಸಬರಿಗೆ ಹಿಡಿದರೆ ಅದನ್ನೂ ಅತ್ತೆ ಕೆಳಗಿಡಿಸುವವರು. ಒಬ್ಬರ ಆರೈಕೆಗೆಂದು ಒಬ್ಬಳನ್ನು ತಂದು ಇಬ್ಬರ ಆರೈಕೆ ಮಾಡುತ್ತಿದ್ದೆ. ನಡಿಗೆ ನಿಂತೇ ಹೋಯಿತು. ಒಂದು ಮುಂಜಾನೆ ನಾನೊಬ್ಬಳೇ ಅತ್ತೆಯನ್ನು ಎಬ್ಬಿಸಲು ಹೋದರೆ ಕಾಲು ಏಳಲೇ ಇಲ್ಲ. ಇಬ್ಬರೂ ಹಾಸಿಗೆಯ ಮೇಲೆ ಕುಸಿದೆವು. ಅತ್ತೆಯ ಕಣ್ಣಲ್ಲಿ ಹೆದರಿಕೆ ಇತ್ತು. ನನಗೆ ಡಾಕ್ಟರ ಮಾತು ನೆನಪಾಯಿತು.

ಅವತ್ತೇ ಸಂಜೆ ಸುನಂದಾ ಚೀಲ ಎತ್ತಿಕೊಂಡಳು. "ಅಕ್ಕಾರ, ನಾ ಹೊಂಟ್ನಿರಿ. ಹಿಂಗ ಕುಂತ ಉಂಡ್ರ ನನಗ ಅನ್ನ ಮೈಗಿ ಹತ್ತೂದಿಲ್ರಿ. ಬೀಗತ್ಯಾಗಿ ಇರಾಕ ನನಗ ಊರಾಗ ಬೇಕಾದಷ್ಟ ಮನಿ ಅದಾವು."

ಅತ್ತೆ ಮಲಗಿದಲ್ಲಿಂದಲೇ, "ಬೀಗರ ಹೆಣ್ಮಗಳು ಬರೇ ಉಡೀಲೆ ಹೋಗಬಾರದ ಪದ್ಮಾ. ಅಕ್ಕಿ, ಕಾಯಿ, ಖಣ ತಾ" ಎಂದರು.

ನಾನು ತಂದೆ. ತಟ್ಟೆ ಹಿಡಿದು ನಿಂತೆ. ಆತ್ಯಾ ಇದ್ದರು, ಗಂಡ ಇದ್ದರು, ಉಣ್ಣಲು ಕೂತ ನೆಂಟರಿದ್ದರು. ನನಗೆ ಏನಾಯಿತೋ ಗೊತ್ತಿಲ್ಲ, ತಟ್ಟೆಯನ್ನು ಧಡಕ್ಕನೆ ಕೆಳಗಿಟ್ಟೆ.

"ಈಕಿ ಯಾರ ಬೀಗತೀನೂ ಅಲ್ರಿ! ಯಾರ ನಾದ್ನೀನೂ ಅಲ್ಲ! ಕೆಲಸಕ್ಕ ಬಂದಾಳ, ಕೆಲಸಾ ಮಾಡಗೊಡ್ರಿ! ಮಂದಿ ಮಂದಿ ಅಂತೀರಿ, ಇಷ್ಟ ಮಂದ್ಯಾಗ ಒಬ್ಬರರ ಇವರ ರಟ್ಟಿ ಹಿಡದ ಎಬ್ಬಿಸ್ಯಾರೇನ್ರಿ? ಇವರ ಕಾಲ ಹೋದ್ರ ಉಡಿ ತುಂಬಿ ಹೊಳ್ಳಿ ತರ್ತೀರೇನ್ರಿ?"

"ಏನ್ ಬಾಯಿ ಐತವಾ ಈಕೀದು!" ಎಂದರು ಆತ್ಯಾ. ಗಂಡ, "ಅಲ್ಲ, ನಾ..." ಎಂದು ಶುರು ಮಾಡಿದರು. "ನೀವು ಅದೀರಿ, ಗೊತ್ತೈತಿ" ಎಂದೆ.

ಸುನಂದಾ ಮೆಲ್ಲಗೆ ಚೀಲ ಕೆಳಗಿಟ್ಟು ಅತ್ತೆಯ ಹತ್ತಿರ ಕೂತಳು. "ಆಯಿ, ಮುಂಜಾನಿಂದ ಸಂಜಿ ಐದರತನಾ ನಂದು ಡ್ಯೂಟಿ. ಅವಾಗ ನಾ ಬರೇ ಮಾವಶಿ. ಐದ ಆದಮ್ಯಾಲ ಬೀಗತಿ. ಆರತಿ ಬೇಕಾದ್ರೂ ಮಾಡ್ರಿ."

ಅತ್ತೆ ಗೋಡೆಯ ಗಡಿಯಾರ ನೋಡಿದರು. "ಹಂಗಾದ್ರ ಐದಕ್ಕ ಚಾ ಇಡಬೇಕಾತು" ಎಂದರು.

ನಾನು ಕೆಲಸಕ್ಕೆ ಹೋಗತೊಡಗಿದೆ. ಸುನಂದಾ ಹೊಸ ಕಾನೂನು ತಂದಳು: ನಾಲ್ಕಕ್ಕೆ ಬಂದವರು ಮೊದಲು ವಾಕರ್ ಸರಿಸಬೇಕು, ಚಹಾ ಆಮೇಲೆ. ಆತ್ಯಾ ಕೂಡ ಗೊಣಗುತ್ತ ಸರಿಸಿದರು. ನೆಂಟರು ಕಡಿಮೆಯಾದರು, ಅತ್ತೆಯ ಹೆಜ್ಜೆಗಳು ಹೆಚ್ಚಾದವು.

ಒಂದು ಶನಿವಾರ ಬೇಗ ಬಂದೆ. ಅತ್ತೆ ವಾಕರ್ ಹಿಡಿದು ತಾವೇ ಪಡಸಾಲೆಯಲ್ಲಿ ನಿಂತಿದ್ದರು. ಬ್ಯಾಗು ಬಿಸಾಕಿ ಓಡಿ ಸೊಂಟ ಹಿಡಿಯಲು ಹೋದೆ.

"ನೀ ಬಿಡ ಪದ್ಮಾ, ನಿನಗದು ಬರೂದಿಲ್ಲ" ಎಂದರು ಅತ್ತೆ. "ದಣದ ಬಂದಿ, ಕುಂದರು."

ಬರುವುದಿಲ್ಲವಂತೆ! ಇಷ್ಟು ದಿನ ಎತ್ತಿದವರು ಯಾರು, ಇಳಿಸಿದವರು ಯಾರು? ಕೂತೆ. ಸುನಂದಾ ಚಹಾ ತಂದು ಕೈಗೆ ಕೊಟ್ಟು, ಅತ್ತೆಯನ್ನು ನಡೆಸಿಕೊಂಡು ಒಳಗೆ ಹೋದಳು. ಕುಡಿದೆ. ಒಳಗೆ ಅವರಿಬ್ಬರೂ ಏನೋ ಮಾತಾಡಿ ನಗುತ್ತಿದ್ದರು. ಪದ್ಮಾ ಎಂದು ಯಾರಾದರೂ ಕರೆಯುತ್ತಾರೆಂದು ಕಾದೆ, ಯಾರೂ ಕರೆಯಲಿಲ್ಲ. ಕೊನೆಗೆ ನಾನೇ ಎದ್ದು ಬಾಗಿಲಲ್ಲಿ ನಿಂತು, "ಅತ್ತೀ, ಏನರ ಬೇಕೇನ್ರಿ?" ಎಂದು ಕೇಳಿದೆ.

"ಏನೂ ಬ್ಯಾಡವಾ" ಎಂದರು.

ಆ ಸಿಟ್ಟು ಇನ್ನೂ ಇಳಿದಿಲ್ಲ.