ಪನೀರ್ ಎನಿಸಿಕೊಂಡ ಅರವತ್ತು ಮೊಟ್ಟೆಗಳ ಪರವಾಗಿ

ಇವರಿಗೆ:
ಶ್ರೀಯುತ ಷಣ್ಮುಖಪ್ಪನವರು,
ಸಂಸ್ಥಾಪಕ ಅಧ್ಯಕ್ಷರು, ಶುದ್ಧ ಸಸ್ಯಾಹಾರ ಅಭಿಮಾನಿ ಬಳಗ,
ಅಜ್ಜಂಪುರ.

ಮಾನ್ಯರೇ,

ತಾವೂ, ತಮ್ಮ ಬಳಗವೂ, ತಮ್ಮ ಜೀರ್ಣಶಕ್ತಿಯೂ ಕ್ಷೇಮವೆಂದು ನಂಬಿ, ತರೀಕೆರೆಯಲ್ಲಿ ಮನೆಯಿಂದಲೇ ಪಾರ್ಟಿಗಳಿಗೆ ತಿಂಡಿ ಮಾಡಿಕೊಡುವ ಶ್ರುತಿ ಎಂಬ ನಾನು ತಮಗೆ ದೂರದಿಂದಲೇ ಕೈಮುಗಿದು ಈ ಪತ್ರ ಬರೆಯುತ್ತಿದ್ದೇನೆ. ದೂರದಿಂದಲೇ ಎಂದದ್ದಕ್ಕೆ ಬೇಸರಿಸಬಾರದು. ಹತ್ತಿರ ಬಂದರೆ ನಾನು ಎಲ್ಲಿ ನಿಲ್ಲಬೇಕು ಎಂಬುದನ್ನು ತಾವೇ ತೋರಿಸಿಕೊಟ್ಟಿದ್ದೀರಿ.

ತಮ್ಮ ಬಳಗದ ವಾಟ್ಸಾಪ್ ಗುಂಪಿನಲ್ಲಿ ಹೋದ ತಿಂಗಳು ತಾವು, "ತರೀಕೆರೆಯ ಶ್ರುತಿ ಎಂಬಾಕೆ ಪನೀರ್ ಎಂದು ಸುಳ್ಳು ಹೇಳಿ ನಮ್ಮ ಮನೆಗೆ ಮೊಟ್ಟೆ ತಂದು ಮೋಸ ಮಾಡಿದ್ದಾಳೆ, ಬಂಧುಗಳು ಎಚ್ಚರದಿಂದಿರಬೇಕು" ಎಂದು ಬರೆದು, ಕೆಳಗೆ ಮೂರು ಕೈಮುಗಿದ ಚಿತ್ರಗಳನ್ನೂ ಒಂದು ಹೂವನ್ನೂ ಹಾಕಿದಿರಿ. ಗುಂಪಿನಲ್ಲಿ ಮುನ್ನೂರಕ್ಕೂ ಹೆಚ್ಚು ಮಂದಿ ಇದ್ದಾರೆ, ನಾನಿಲ್ಲ. ಆದ್ದರಿಂದ ನನ್ನ ಉತ್ತರವನ್ನು ಊರಿಗೇ ಕಾಣುವಂತೆ ಬರೆಯಬೇಕಾಗಿ ಬಂದಿದೆ. ಹೂವಿಗೆ ಮಾತ್ರ ಪ್ರತ್ಯೇಕವಾಗಿ ಧನ್ಯವಾದಗಳು.

ಮೊದಲಿಗೆ ತಮ್ಮ ನಾಲಿಗೆಯ ಸಂಯಮವನ್ನು ಹೊಗಳಬೇಕು. ಕಡೂರಿನ ಮೋಹನ್ ಅವರ ಮಗನ ಹುಟ್ಟುಹಬ್ಬದಲ್ಲಿ ನಾನು ಮಾಡಿದ ಮೊಟ್ಟೆಗಳನ್ನು ತಾವು ಒಂಬತ್ತು ತಿಂದದ್ದನ್ನು ತಟ್ಟೆ ತುಂಬಿಸುತ್ತಿದ್ದ ನಾನೇ ಕಣ್ಣಾರೆ ಕಂಡಿದ್ದೆ. ಆದರೂ ವಾರದ ನಂತರ ನನಗೆ ಫೋನ್ ಮಾಡಿದಾಗ, ಸೊಸೈಟಿಯ ನಿರ್ದೇಶಕರಾಗಿ ಗೆದ್ದ ಸಂತೋಷಕ್ಕೆ ಗೆಳೆಯರನ್ನು ಕರೆದಿದ್ದೇನೆ ಎಂದು ಹತ್ತು ನಿಮಿಷ ಮಾತನಾಡಿದಿರಿ, ಒಂದು ಸಲವೂ 'ಮೊಟ್ಟೆ' ಎನ್ನಲಿಲ್ಲ. "ಅದೇ ಕಣಮ್ಮ, ಮೋಹನನ ಮನೇಲಿ ಮಾಡಿದ್ಯಲ್ಲ, ಬಿಳೀದು, ಮೇಲೆ ಖಾರದ್ದು" ಎಂದಿರಿ. ನಾನು "ಮೊಟ್ಟೇನಾ ಸಾರ್?" ಎಂದೆ. ತಾವು "ಮೆಲ್ಲಗೆ ಕಣಮ್ಮ!" ಎಂದು ಗದರಿದಿರಿ. ನಾನಿದ್ದದ್ದು ತರೀಕೆರೆಯ ನನ್ನ ಅಡುಗೆಮನೆಯಲ್ಲಿ. ಕೇಳಿಸಿಕೊಂಡವಳು ನನ್ನ ಅಮ್ಮ ಭಾಗಮ್ಮ ಒಬ್ಬಳೇ.

ಆ ತಿಂಡಿಗೆ ಇಂಗ್ಲಿಷಿನಲ್ಲಿ ಡೆವಿಲ್ಡ್ ಎಗ್ ಅನ್ನುತ್ತಾರೆ, ದೆವ್ವದಷ್ಟು ಖಾರ ಎಂದು ಅರ್ಥವಂತೆ ಎಂದು ನಾನು ವಿವರಿಸಿದಾಗ ತಾವು ತೋರಿದ ಉದಾರತೆಯನ್ನು ಮರೆಯಲಾರೆ. "ದೆವ್ವ ಇದ್ರೆ ಇರ್ಲಿ ಬಿಡು, ಮೊಟ್ಟೆ ಅನ್ನೋದು ಬ್ಯಾಡ" ಎಂದಿರಿ. ಮೆನುವಿನಲ್ಲಿ ಅದಕ್ಕೆ ಪನೀರ್ ದೋಣಿ ಎಂಬ ಹೆಸರಾಯಿತು. ನೋಡಿದರೆ ಮೊಟ್ಟೆಯೆಂದು ತಿಳಿಯಕೂಡದು ಎಂಬ ಷರತ್ತೂ ಬಂತು. ಬೇಯಿಸಿ ಎರಡು ಹೋಳು ಮಾಡಿದ ಮೊಟ್ಟೆ ಮೊಟ್ಟೆಯ ಹಾಗೆ ಕಾಣದೆ ಇನ್ನು ಹೇಗೆ ಕಾಣುತ್ತದೆ ಸಾರ್ ಎಂದು ಕೇಳಿದೆ. ಅರೆಕ್ಷಣ ಯೋಚಿಸಿ, "ಮೇಲೆ ಚೀಸು ಹೊದಿಸಿಬಿಡು" ಎಂದಿರಿ. ನಾಲ್ಕು ವರ್ಷಗಳಿಂದ ಈ ತಿಂಡಿ ಮಾಡುತ್ತಿದ್ದರೂ ನನಗೆ ಹೊಳೆಯದ ಉಪಾಯ ಅದು. ಹಸಿವಿನಿಂದ ಹುಟ್ಟಿದ ಅಡುಗೆಗಳನ್ನು ಕಂಡಿದ್ದೇನೆ, ಉಳಿದದ್ದನ್ನು ಮುಗಿಸಲು ಹುಟ್ಟಿದ ಅಡುಗೆಗಳನ್ನೂ ಕಂಡಿದ್ದೇನೆ. ಹೆಂಡತಿಯ ಹೆದರಿಕೆಯಿಂದ ಇಷ್ಟು ರುಚಿ ಹುಟ್ಟುತ್ತದೆ ಎಂದು ತಿಳಿದದ್ದು ತಮ್ಮಿಂದಲೇ.

ಆ ಭಾನುವಾರ ಬೆಳಿಗ್ಗೆ ಅರವತ್ತು ಮೊಟ್ಟೆ ಬೇಯಿಸಿದೆವು. ತೀರಾ ಹೊಸ ಮೊಟ್ಟೆಯಾದರೆ ಸಿಪ್ಪೆ ಬಿಡುವುದಿಲ್ಲ, ಬಿಳಿಯನ್ನೂ ಕಿತ್ತುಕೊಂಡೇ ಬರುತ್ತದೆ ಎಂದು ವಾರದ ಹಿಂದೆಯೇ ತಂದಿಟ್ಟಿದ್ದವು ಅವು. ಅಮ್ಮ ತಣ್ಣೀರಿನಲ್ಲಿ ಮುಳುಗಿಸಿ ಒಂದೊಂದನ್ನೂ ಮಗುವಿನ ತಲೆಗೂದಲು ಬಿಡಿಸುವ ಹಾಗೆ ಸುಲಿದಳು. ಹಳದಿಯನ್ನೆಲ್ಲ ತೆಗೆದು ಪುಡಿಮಾಡಿ, ಬೆಣ್ಣೆ, ತುರಿದ ಚೀಸು, ನೀರು ಬಸಿದ ಗಟ್ಟಿ ಮೊಸರು, ನೆನೆಸಿದ ಬ್ಯಾಡಗಿ ಮೆಣಸಿನಕಾಯಿಯ ಜೊತೆ ಬೆಳ್ಳುಳ್ಳಿ ಅರೆದ ಖಾರ, ಕಡೆಗೆ ಒಂದು ಹಿಡಿ ಹುಚ್ಚೆಳ್ಳಿನ ಚಟ್ನಿಪುಡಿ ಹಾಕಿ ಕಲೆಸಿದೆ. ಆ ಚಟ್ನಿಪುಡಿ ಅಮ್ಮನದು. ಬೇರೆ ಯಾರೂ ಅದನ್ನು ಡೆವಿಲ್ಡ್ ಎಗ್ಗಿಗೆ ಹಾಕುವುದಿಲ್ಲ. ತುಂಬಿಕೊಂಡು ಹೊರಟರೆ ಅಜ್ಜಂಪುರದ ರಸ್ತೆಯ ಹಂಪುಗಳಲ್ಲಿ ಎಲ್ಲವೂ ಒಂದೇ ಮುದ್ದೆಯಾಗುತ್ತದೆಂದು ಬಿಳಿ ಹೋಳುಗಳನ್ನು ಒಂದು ಡಬ್ಬಿಗೂ ಖಾರವನ್ನು ಇನ್ನೊಂದಕ್ಕೂ ಹಾಕಿ, ನನ್ನ ಪುಟ್ಟ ಗ್ಯಾಸ್ ಒಲೆ, ತವಾದ ಜೊತೆ ಸ್ಕೂಟರಿಗೆ ಕಟ್ಟಿದೆ.

ತಮ್ಮ ಮನೆಯಲ್ಲಿ ನಾಲ್ಕು ಒಲೆಯ ಗ್ಯಾಸ್ ಇರುವ, ಕಪ್ಪು ಕಲ್ಲಿನ ಕಟ್ಟೆಯ ಅಡುಗೆಮನೆ ನನಗೆ ಹಜಾರದಿಂದಲೇ ಕಾಣಿಸಿತು. ಡಬ್ಬಿ ಹಿಡಿದು ಅತ್ತ ಒಂದು ಹೆಜ್ಜೆ ಇಟ್ಟಿದ್ದೆ. "ಅಲ್ಲಿ ಬ್ಯಾಡ ಕಣಮ್ಮ, ಸೆಕೆ. ಟೆರೇಸ್ ಮೇಲೆ ಒಳ್ಳೇ ಗಾಳಿ ಬರುತ್ತೆ" ಎಂದಿರಿ. ನನ್ನ ಸೆಕೆಯ ಬಗ್ಗೆ ಇಷ್ಟು ಕಾಳಜಿಯುಳ್ಳವರನ್ನು ನಾನು ಕಂಡಿಲ್ಲ. ಕುಡಿಯುವ ನೀರನ್ನೂ ಆ ಗಾಳಿಗಾಗಿಯೇ ಬಾಟಲಿಯಲ್ಲಿ ಮೇಲಕ್ಕೆ ಕಳಿಸಿದಿರಿ. ಗಾಳಿ ತಾವು ಹೇಳಿದಂತೆಯೇ ಬಹಳ ಒಳ್ಳೆಯದಿತ್ತು. ನನ್ನ ಪುಟ್ಟ ಒಲೆಯನ್ನು ಒಂಬತ್ತು ಸಲ ಆರಿಸಿತು. ಕಡೆಗೆ ಒಲೆಯ ಸುತ್ತ ತಮ್ಮ ಸನ್ಮಾನದ ಫ್ಲೆಕ್ಸನ್ನೇ ಮರೆ ಕಟ್ಟಿ, ತವಾದ ಮೇಲೆ ಹೋಳುಗಳನ್ನಿಟ್ಟು ಖಾರ ತುಂಬಿ ಚೀಸು ಹೊದಿಸಿ ಮುಚ್ಚಳ ಮುಚ್ಚಿದೆ. ಚೀಸು ಕರಗಿ ಅಂಚಿನಲ್ಲಿ ಕೆಂಪಾಗುವ ಹೊತ್ತಿಗೆ ತಮ್ಮ ಬಳಗದ ಖಜಾಂಚಿ ಓಂಕಾರೇಶ್ ಅವರು ತಟ್ಟೆ ಹಿಡಿದು ಮೊದಲನೆಯವರಾಗಿ ನಿಂತಿದ್ದರು. ಇಪ್ಪತ್ತೆಂಟು ಮಂದಿ ತಿಂದರು. "ಎಲ್ಲೀ ಪನೀರಪ್ಪಾ ಇದು?" ಎಂದು ಒಬ್ಬರು, "ಕೋಳಿ ಪನೀರು" ಎಂದು ಇನ್ನೊಬ್ಬರು. ನಗು ಬೀದಿಗೆ ಕೇಳುತ್ತಿತ್ತು.

ಪಂಚನಹಳ್ಳಿಯ ತಂಗಿಯ ಮನೆಗೆ ಹೋಗಿದ್ದ ತಮ್ಮ ಶ್ರೀಮತಿ ಮಲ್ಲಿಕಾಂಬ ಅವರು ಮಂಗಳವಾರ ಬರುವವರಿದ್ದರು. ಗಂಡನ ಗೆಲುವಿನ ಊಟಕ್ಕೆ ತಾನಿಲ್ಲದಿದ್ದರೆ ಹೇಗೆ ಎಂದು ಭಾನುವಾರವೇ ಬಸ್ಸು ಹತ್ತಿ ಬಂದುಬಿಟ್ಟರು. ಹಣೆಯ ತುಂಬ ವಿಭೂತಿ, ಕೈಯಲ್ಲಿ ಚೀಲ. ಮೆಟ್ಟಿಲು ಹತ್ತಿ ಬಂದವರೇ, "ಏನ್ ಘಮಾ ಅಂತೈತೆ! ನಂಗೂ ಒಂದ್ ಕೊಡಮ್ಮ, ಬೆಳಿಗ್ಗೆಯಿಂದ ಹೊಟ್ಟೆಗೇನಿಲ್ಲ" ಎಂದು ನನ್ನ ತವಾದ ಪಕ್ಕದ ತಟ್ಟೆಯಿಂದ ಅವರೇ ಒಂದನ್ನು ಎತ್ತಿಕೊಂಡರು. ನಂತರ "ಏನಿದು?" ಎಂದು ತಮ್ಮನ್ನು ಕೇಳಿದರು.

ಮಾನ್ಯರೇ, ಇಪ್ಪತ್ತೆಂಟು ಮಂದಿ ಆಗ ತಮ್ಮ ಬಾಯನ್ನೇ ನೋಡುತ್ತಿದ್ದರು. ತಾವು "ಪನೀರು ಕಣೇ, ತಿನ್ನು" ಎಂದಿರಿ. ಅನ್ನುತ್ತಲೇ ನನ್ನತ್ತ ನೋಡಿದಿರಿ. ಅವರೂ ನನ್ನತ್ತ ತಿರುಗಿ "ಹೌದೇನಮ್ಮ?" ಎಂದರು.

ಬದುಕಿನಲ್ಲಿ ನಾನು ಸುಳ್ಳೇ ಹೇಳಿಲ್ಲವೆಂದಲ್ಲ. ಪನೀರ್ ದೋಣಿ ಎಂದು ಮೆನು ಬರೆದವಳು ನಾನೇ. ತಿನ್ನುವವರಿಗೆಲ್ಲ ಗೊತ್ತಿರುವ ಸುಳ್ಳು ಒಂದು ಬಗೆಯ ಆಟ, ಆಡಲಿ ಬಿಡು ಎಂದುಕೊಂಡಿದ್ದೆ. ಗೊತ್ತಿಲ್ಲದವರ ಕೈ ಬಾಯಿಯ ಹತ್ತಿರ ಹೋದಾಗ ಅದು ಆಟವಾಗಿ ಉಳಿಯಲಿಲ್ಲ. "ಇಲ್ಲಾಮ್ಮ, ಮೊಟ್ಟೆ. ತಿನ್ಬೇಡಿ" ಎಂದೆ.

ಅವರು ಕಿರುಚಲಿಲ್ಲ. ಅದನ್ನು ತಟ್ಟೆಯಲ್ಲಿಟ್ಟು, ಬಾಟಲಿಯ ನೀರಿನಲ್ಲಿ ಕೈ ತೊಳೆದು, "ಇವ್ರಿಗೆ ಗೊತ್ತಿತ್ತಾ?" ಎಂದು ಮಾತ್ರ ಕೇಳಿದರು. ತಾವು ಆಗ ನೀರಿನ ಟ್ಯಾಂಕಿನ ಮೇಲೆ ಎಷ್ಟು ಲೀಟರ್ ಎಂದು ಬರೆದಿರುವುದನ್ನು ಬಹಳ ಶ್ರದ್ಧೆಯಿಂದ ಓದುತ್ತಿದ್ದಿರಿ. ಓಂಕಾರೇಶ್ ಅವರು ಬಾಯಲ್ಲಿ ಎಂಟನೆಯದನ್ನು ಇಟ್ಟುಕೊಂಡೇ "ಅಯ್ಯೋ ಶಿವನೇ, ಮೊಟ್ಟೇನಾ ಇದು!" ಎಂದು ಬೆಚ್ಚಿಬಿದ್ದರು, ಬೆಚ್ಚಿದರೂ ಉಗುಳಲಿಲ್ಲ, ನುಂಗಿಯೇ ಬೆಚ್ಚಿದರು. ಐದು ನಿಮಿಷದಲ್ಲಿ ಟೆರೇಸ್ ಖಾಲಿಯಾಯಿತು. ಕೆಳಗಿಳಿಯುವಾಗ ತಾವು ನನ್ನ ಕಿವಿಯ ಹತ್ತಿರ, "ಒಂದ್ ಸುಳ್ಳು ಹೇಳಿದ್ರೆ ನಿನ್ ಗಂಟೇನ್ ಹೋಗ್ತಿತ್ತು?" ಎಂದಿರಿ. ನನ್ನ ಗಂಟೇನೂ ಹೋಗುತ್ತಿರಲಿಲ್ಲ ಸ್ವಾಮಿ. ಅವರು ಹುಟ್ಟಿದಂದಿನಿಂದ ಕಾಪಾಡಿಕೊಂಡು ಬಂದ ನೇಮ ಹೋಗುತ್ತಿತ್ತು.

ಊರಿಗೆ ಮರಳುವಾಗ ರಸ್ತೆಯ ಪಕ್ಕ ಸ್ಕೂಟರ್ ನಿಲ್ಲಿಸಿ ಹೆಲ್ಮೆಟ್ ತೆಗೆಯದೆಯೇ ಅತ್ತೆ. ಹೆಲ್ಮೆಟ್ಟಿನೊಳಗೆ ಅಳುವುದು ಬಹಳ ಕಷ್ಟದ ಕೆಲಸ, ಮೂಗು ಒರೆಸಿಕೊಳ್ಳಲು ಆಗುವುದಿಲ್ಲ. ಸಂಬಂಧಪಟ್ಟ ತಯಾರಕರಿಗೆ ಬೇರೆ ಪತ್ರ ಬರೆಯುತ್ತೇನೆ. ಮನೆ ಸೇರುವಷ್ಟರಲ್ಲಿ ತಮ್ಮ ಸಂದೇಶ ನನಗಿಂತ ಮುಂಚೆಯೇ ತರೀಕೆರೆ ತಲುಪಿತ್ತು. ಲಕ್ಕವಳ್ಳಿಯ ಹುಟ್ಟುಹಬ್ಬ ರದ್ದಾಯಿತು, ಕಡೂರಿನ ನಾಮಕರಣದ ತಿಂಡಿ ರದ್ದಾಯಿತು. ಅದರಲ್ಲಿ ಮೊಟ್ಟೆಯಿರಲಿ, ಬೆಳ್ಳುಳ್ಳಿಯೂ ಇರಲಿಲ್ಲ. "ನೀವು ಒಳ್ಳೇವ್ರೇ ಕಣ್ರೀ, ಆದ್ರೆ ಜನ ಏನಂತಾರೆ" ಎಂದು ಆ ಮನೆಯವರು ಅತ್ಯಂತ ಮೃದುವಾಗಿ ಹೇಳಿದರು. ಮೂರು ವಾರ ನನ್ನ ಫೋನಿಗೆ ಬಂದದ್ದು ಸಾಲ ಬೇಕೇ ಎಂದು ಕೇಳುವ ಕರೆಗಳು ಮಾತ್ರ. ಅಮ್ಮ ಒಂದು ಸಂಜೆ ಸೊಪ್ಪು ಬಿಡಿಸುತ್ತ ತಲೆಯೆತ್ತದೆ ಅಂದಳು: "ನಮ್ ಕೈಯಿಂದ ಮಾಡಿದ್ದನ್ನ ಈ ಜನ ತಿನ್ನೋ ಹಂಗೆ ಮಾಡಕ್ಕೆ ನಿಂಗೆ ನಾಕ್ ವರ್ಷ ಹಿಡೀತು ಕಣೇ. ಅವ್ರಿಗೆ ಒಂದ್ ಮೆಸೇಜ್ ಸಾಕಾಯ್ತಲ್ಲ." ಅದಕ್ಕೆ ಉತ್ತರ ತಮ್ಮ ಬಳಿ ಇದ್ದರೆ ದಯವಿಟ್ಟು ತಿಳಿಸಿ. ಅಮ್ಮ ಇನ್ನೂ ಕಾಯುತ್ತಿದ್ದಾಳೆ.

ನಾಲ್ಕನೆಯ ವಾರದಲ್ಲಿ ತಮ್ಮ ಗುಂಪಿಗೆ ಒಂದು ಧ್ವನಿ ಸಂದೇಶ ಬಂತು. ಮೋಹನ್ ಅವರು ಅದನ್ನು ನನಗೆ ಫೋನಿನಲ್ಲಿ ಕೇಳಿಸಿದರು. "ನಾನು ಮಲ್ಲಿಕಾಂಬ ಮಾತಾಡ್ತಿರೋದು. ಆ ಹುಡ್ಗಿ ನಂಗೆ ಮೋಸ ಮಾಡಿಲ್ಲ ಕಣ್ರಪ್ಪಾ. ಪನೀರು ತಿನ್ನು ಅಂದಿದ್ದು ನಮ್ಮೆಜಮಾನ್ರು. ತಿನ್ಬೇಡಿ ಅಂದಿದ್ದು ಅವ್ಳೊಬ್ಳೇ. ತಿಂದೋರೆಲ್ಲ ಇದೇ ಗುಂಪಲ್ಲೇ ಅವ್ರೆ, ಬೇಕಾದ್ರೆ ಕೇಳ್ಕಳಿ." ಅಷ್ಟೇ. ನಾಲ್ಕು ನಿಮಿಷದೊಳಗೆ ತಾವು ಅವರನ್ನು ಗುಂಪಿನಿಂದ ತೆಗೆದುಹಾಕಿದಿರಿ. ಮನೆಯಲ್ಲಿ ನಿಜವಾಗಿ ಸಸ್ಯಾಹಾರಿಯಾಗಿದ್ದ ಏಕೈಕ ಸದಸ್ಯರನ್ನು ಸಸ್ಯಾಹಾರ ಬಳಗದಿಂದ ಉಚ್ಚಾಟಿಸಲು ಎಂಥ ಧೈರ್ಯ ಬೇಕು! ಆದರೆ ಅಷ್ಟರಲ್ಲಿ ಅವರ ಧ್ವನಿ ಅರ್ಧ ತಾಲ್ಲೂಕು ಸುತ್ತಿ ಬಂದಿತ್ತು.

ಮುಂದಿನ ಬುಧವಾರ ಅವರು ಬಸ್ಸಿನಲ್ಲಿ ನಮ್ಮ ಮನೆಗೆ ಬಂದರು. ಯಾವ ಲೋಟದಲ್ಲಿ ನೀರು ಕೊಡುವುದೆಂದು ಅಮ್ಮ ಗಾಬರಿಯಾಗಿ ನಿಂತಿರುವಾಗ, "ಬಾಯಾರೈತೆ ಕಣವ್ವ" ಎಂದು ಕೈಗೆ ಸಿಕ್ಕ ಚೊಂಬನ್ನೇ ಎತ್ತಿ ಕುಡಿದರು. ನಂತರ ನನ್ನ ಕಡೆ ತಿರುಗಿ, "ಮೊಟ್ಟೆ ನಂಗೆ ಬ್ಯಾಡ. ಆ ಖಾರಕ್ಕೆ ಏನ್ ಹಾಕಿದ್ದೆ, ಅದ್ ಹೇಳ್ಕೊಡು" ಎಂದರು. ಆಲೂಗಡ್ಡೆ ಬೇಯಿಸಿ ಹೋಳು ಮಾಡಿ, ನಡುವೆ ತೋಡಿ, ಮೊಟ್ಟೆಯ ಹಳದಿಯೊಂದನ್ನು ಬಿಟ್ಟು ಅದೇ ಖಾರ, ಅದೇ ಚೀಸು ತುಂಬಿ ತವಾದ ಮೇಲಿಟ್ಟೆವು. ನಾಲ್ಕು ತಿಂದರು. ಐದನೆಯದನ್ನು ಕೈಯಲ್ಲಿ ಹಿಡಿದುಕೊಂಡು, "ಇದನ್ನೇ ಮಾಡ್ಸಿದ್ರೆ ನಾನೂ ಅವ್ರ ಜೊತೆ ಕೂತ್ಕಂಡು ತಿಂತಿದ್ದೆ" ಎಂದರು. ಆಗ ಅವರ ಕಣ್ಣು ಒದ್ದೆಯಾದದ್ದು ಬ್ಯಾಡಗಿ ಮೆಣಸಿನಕಾಯಿಯಿಂದ ಎಂದೇ ನಾವಿಬ್ಬರೂ ನಟಿಸಿದೆವು.

ಇನ್ನು ನನ್ನ ಕೋರಿಕೆಗಳು. ಗುಂಪಿನಲ್ಲಿ ಒಂದು ತಿದ್ದುಪಡಿ ಹಾಕಬೇಕು. ಆ ಎರಡಕ್ಷರದ ಪದವನ್ನು ಬೆರಳು ಬರೆಯಲು ಒಪ್ಪದಿದ್ದರೆ ಚಿತ್ರ ಹಾಕಿದರೂ ಸಾಕು. ಅದೂ ಕಷ್ಟವೆಂದಾದರೆ, ನಿರ್ದೇಶಕರಾದ ತಾವು ತಮ್ಮ ಪ್ರಭಾವ ಬಳಸಿ ಸುತ್ತಲಿನ ಊರುಗಳ ಕೋಳಿಗಳ ಸಭೆ ಕರೆದು, ಇನ್ನು ಮುಂದೆ ಚೌಕಾಕಾರದ ಪನೀರನ್ನೇ ಇಡತಕ್ಕದ್ದೆಂದು ಒಂದು ಠರಾವು ಮಾಡಿಸಿಕೊಡಬೇಕು. ನಾನು ಮೊದಲ ಗಿರಾಕಿಯಾಗುತ್ತೇನೆ. ಮಲ್ಲಿಕಾಂಬ ಅವರನ್ನು ಗುಂಪಿಗೆ ಮರಳಿ ಸೇರಿಸಿ ಎಂದು ಮಾತ್ರ ಕೇಳುವುದಿಲ್ಲ. ಕೇಳಿದ್ದಕ್ಕೆ ಅವರು, "ಬ್ಯಾಡ ಬಿಡವ್ವ, ಬೆಳಗಾದ್ರೆ ಬರೀ ಉಪದೇಶ" ಎಂದರು.

ಇಷ್ಟಾದರೂ ತಮ್ಮ ನಾಲಿಗೆಯ ರುಚಿಯ ಮೇಲೆ ಎಳ್ಳಷ್ಟೂ ವಿಶ್ವಾಸ ಕಳೆದುಕೊಳ್ಳದ,
ತಮ್ಮ ವಿಶ್ವಾಸಿ,
ಶ್ರುತಿ, ಭಾಗಮ್ಮನ ಮಗಳು
ತರೀಕೆರೆ

ವಿ.ಸೂ.: ತಮ್ಮ ಬಳಗದ ವಾರ್ಷಿಕ ಸಭೆ ಮುಂದಿನ ತಿಂಗಳು ಕೆಮ್ಮಣ್ಣುಗುಂಡಿಯಲ್ಲಿ ನಡೆಯಲಿದೆಯೆಂದೂ, ಸಭೆ ಮುಗಿದ ಮೇಲಿನ 'ಅನೌಪಚಾರಿಕ ಕಾರ್ಯಕ್ರಮ'ಕ್ಕೆ ಎಂಟು ಡಜನ್ ಬೇಕೆಂದೂ, ಖಾರ ಸ್ವಲ್ಪ ಮುಂದಾಗಿಯೇ ಇರಲೆಂದೂ ನಿನ್ನೆ ಪದಾಧಿಕಾರಿಯೊಬ್ಬರು ಫೋನ್ ಮಾಡಿದ್ದರು. ಒಪ್ಪಿಕೊಂಡಿದ್ದೇನೆ. ಪ್ರತಿ ಡಬ್ಬಿಯ ಮೇಲೂ ಅಂಟಿಸಲು ಪ್ರೆಸ್ಸಿನಲ್ಲಿ ಚೀಟಿ ಅಚ್ಚು ಹಾಕಿಸಿದ್ದೇನೆ: 'ಒಳಗಿರುವುದು: ಮೊಟ್ಟೆ. ಮಾಡಿದವರು: ಶ್ರುತಿ, ತರೀಕೆರೆ. ತಿಂದವರು:' ಅದರ ಮುಂದಿನ ಜಾಗ ಖಾಲಿ ಬಿಟ್ಟಿದ್ದೇನೆ, ಹೆಸರು ಬರೆದು ಸಹಿ ಹಾಕಿದವರಿಗೆ ಡಬ್ಬಿ ತೆರೆಯುತ್ತದೆ. ಪೆನ್ನು ನಾನೇ ತರುತ್ತೇನೆ.