ಎರಡು ಬಾಗಿಲ ಕಾರು, ಹದಿನೆಂಟು ಮಂದಿ ಮನಿ

ಹಳೇ ಕಾರು ಸಾಕೋರಿಗೆ ಬ್ಯಾರೆ ಮನರಂಜನಿ ಬೇಕಾಗಾಂಗಿಲ್ಲ, ದಿನಾ ಒಂದಲ್ಲ ಒಂದು ನಡೀತಾನ ಇರ್ತೈತಿ. ನಂದಂತೂ ಎರಡೇ ಬಾಗಿಲಿಂದು. ಬಳ್ಳಾರಿಯಾಗ ಅದನ್ನ ನಿಲ್ಲಿಸಿ ಒಂದು ಚಾ ಕುಡಿಯೋದ್ರೊಳಗ ನಾಕು ಮಂದಿ ಸುತ್ತು ಹಾಕಿ, "ಅಲ್ಲವ್ವಾ, ಹಿಂದಿನ ಬಾಗಿಲು ಯಾರು ಒಯ್ದ್ರು?" ಅಂತ ಕೇಳೇ ಕೇಳ್ತಾರ.

ನಾನು ಇಲ್ಲೇ ಒಂದು ಜೀನ್ಸ್ ಯುನಿಟ್ಟಿನಾಗ ಕಟಿಂಗ್ ನೋಡ್ಕೊಳ್ಳಾಕಿ. ವಯಸ್ಸು ಇಪ್ಪತ್ತಾರು. ನಮ್ಮ ಓಣಿ ಹುಡ್ಗೀರು ಬಂಗಾರದ ಅಂಗಡಿ ಮುಂದ ನಿಲ್ಲೋ ವಯಸ್ಸಿನಾಗ ನಾನು ಗ್ಯಾರೇಜ್ ಮುಂದ ನಿಲ್ತಿದ್ದೆ. ಅದಕ್ಕ ಅಮ್ಮ ಇವತ್ತಿಗೂ ಅಪ್ಪನ್ನ ಬೈತಾಳ. ಅಪ್ಪ ಏನು ಮಾಡಿದ್ದ ಅಂತ ಅಪ್ಪಗೂ ಗೊತ್ತಿಲ್ಲ.

೧. ಷರತ್ತು

ಎರಡು ವರ್ಷದ ಹಿಂದ ಸಿರುಗುಪ್ಪದಾಗ ಗೆಳತಿ ಮದುವಿ ಇತ್ತು. ಊಟಕ್ಕ ಇನ್ನೂ ತಡ ಐತಿ ಅಂತ ಪಕ್ಕದ ರೈಸ್ ಮಿಲ್ಲಿನ ಕಡೆ ಅಡ್ಡಾಡಾಕ ಹೋದೆ. ಶೆಡ್ಡಿನಾಗ ಖಾಲಿ ಗೋಣಿಚೀಲದ ರಾಶಿ, ರಾಶಿ ಕೆಳಗ ಒಂದು ಕೆಂಪು ಬಂಪರ್. ನಾಕು ಚೀಲ ಎತ್ತಿ ನೋಡಿದ್ರ, ಅಯ್ಯೋ ದೇವರೇ, ಜಪಾನಿನ ಸ್ಪೋರ್ಟ್ಸ್ ಕಾರು! ಬಟನ್ ಒತ್ತಿದ್ರ ಮುಂದಿನ ದೀಪ ಕಣ್ಣು ತೆರೆದಂಗ ಮ್ಯಾಲೆದ್ದು ಬರ್ತಾವಲ್ಲ, ಆ ಜಾತಿದು. ರೇಷ್ಮಿ ಸೀರಿ ಉಟ್ಕೊಂಡೇ ನೆಲಕ್ಕ ಕುಂತು ಅದರ ಹೊಟ್ಟಿ ಕೆಳಗ ತಲಿ ಹಾಕಿದ್ದೆ.

"ಯಾರವ್ವಾ ನೀನು? ಗಾಡಿ ಕೆಳಗ ಏನು ಕಳ್ಕೊಂಡೀ?" ಅಂತ ದನಿ ಬಂತು. ಮಿಲ್ಲಿನ ಸಾಹುಕಾರ್ರು. ಹಣಿ ಮ್ಯಾಲೆ ವಿಭೂತಿ, ಕೈಯಾಗ ಕೋಲು.

"ಮಾರ್ತೀರೇನ್ರಿ ಇದನ್ನ?" ಅಂತ ನೆಲದಾಗ ಕುಂತೇ ಕೇಳಿದೆ.

ಮೊದಲು ಇಲ್ಲ ಅಂದ್ರು. ನಾನು ಆ ಕಾರಿನ ಜಾತಕ ಹೇಳಾಕತ್ತಿದ್ಮ್ಯಾಲೆ ಮೆತ್ತಗಾದ್ರು. ಕಥಿ ಅವರೇ ಹೇಳಿದ್ರು. ಇವರಿಬ್ಬರನ್ನ ಬಿಟ್ಟು ಮನಿಯಾಗ ಹದಿನೆಂಟು ಮಂದಿ. ಗಂಡ ಹೆಂಡ್ತಿ ಎಲ್ಲಿಗೆ ಹೊಂಟ್ರೂ ಜೀಪಿನ ತುಂಬ ಮಂದಿ ಹತ್ತಿ ಬಿಡ್ತಿದ್ರಂತ. ಒಂದ್ಸಲನರ ಇಬ್ಬರೇ ಹೋಗಿ ಬುತ್ತಿ ಉಂಡು ಬರಬೇಕು ಅಂತ ಸಾಹುಕಾರ್ರಿಗೆ ಭಾಳ ಆಸಿ. ಅದಕ್ಕೇ ಮೂವತ್ತು ವರ್ಷದ ಹಿಂದ ಮದ್ರಾಸಿಗೆ ಹೋಗಿ ಹೆಚ್ಚು ಮಂದಿ ಹಿಡೀಲಾರದ ಕಾರು ಹುಡುಕಿ ತಂದಿದ್ರು.

"ಹೋಗಿ ಬಂದ್ರೇನ್ರಿ ಮತ್ತ?"

"ಎಲ್ಲಿ... ಅದೂ ಇದೂ ಅಂತ ಆಗ್ಲೇ ಇಲ್ಲ" ಅಂತ ಶೆಡ್ಡಿನ ತಗಡು ನೋಡಿದ್ರು. ಆಮ್ಯಾಲೆ ಕೋಲು ನೆಲಕ್ಕ ಕುಟ್ಟಿ, "ಒಂದು ಷರತ್ತಿನ ಮ್ಯಾಲೆ ಕೊಡ್ತೀನಿ ಅಮ್ಮಾಯಿ. ಗಾಡಿ ಎದ್ದ ದಿನ ಮೊದಲು ಇಲ್ಲಿಗೆ ತರಬೇಕು. ನಾನು ಓಡಿಸ್ಬೇಕು, ಪಕ್ಕದಾಗ ಇಕಿ ಕೂಡಬೇಕು. ಮೂರನೇದವರು ಇರಬಾರದು. ನಂಗ ಎಪ್ಪತ್ತಾರು, ಲಗು ಮಾಡು" ಅಂದ್ರು.

ಮಜ್ಜಿಗಿ ತಂದು ನಿಂತಿದ್ದ ಅಜ್ಜಿ, ಸಾಹುಕಾರ್ರ ಹೆಂಡ್ತಿ, "ಅವರಿಗೆ ಎಪ್ಪತ್ತಾರು, ನಂಗ ಇನ್ನೂ ಎಪ್ಪತ್ತು. ಅವರಿಗೆ ಆಗದಿದ್ರ ನಾನೊಬ್ಬಾಕೀನ ಬರ್ತೀನಿ, ನೀ ತಂದು ಬಿಡು" ಅಂದ್ಲು.

೨. ಇಂಜಿನ್ ಕೆಟ್ಟ ಉಪ್ಪಿನಕಾಯಿ

ಕಾರು ಟ್ರಾಕ್ಟರ್ ಟ್ರಾಲಿ ಮ್ಯಾಲೆ ಸತ್ಯನಾರಾಯಣಪೇಟೆಯ ನಮ್ಮನಿಗೆ ಬಂತು. ಅಮ್ಮ ಹಣಿ ಬಡ್ಕೊಂಡ್ಲು ಖರೆ, ಆದ್ರ ಮನಿ ಬಾಗಿಲಿಗೆ ಬಂದ ಗಾಡಿಗೆ ಪೂಜಿ ಬಿಡಾಕ ಬರ್ತೈತೇನು? ಅರಿಶಿನ ಕುಂಕುಮ ಹಚ್ಚಿ, ನಾಕೂ ಗಾಲಿ ಕೆಳಗ ನಿಂಬಿಹಣ್ಣು ಇಟ್ಟು, "ಹೂಂ, ಹಿಚುಕಿ ಮುಂದ ತಗೋ" ಅಂದ್ಲು.

"ಅಮ್ಮಾ, ಇದರ ಇಂಜಿನ್ನೇ ತಿರುಗಾಂಗಿಲ್ಲ."

"ತಿರುಗಿದಾಗ ಹಿಚುಕ್ಲಿ, ಅಲ್ಲೀತನ ಇರ್ಲಿ ಬಿಡು."

ನಾನು ಆರು ತಿಂಗಳು ಬರೀ ತುಕ್ಕು ಉಜ್ಜಿದೆ. ಅಮ್ಮ ಪ್ರತಿ ಶುಕ್ರವಾರ ಹಳೇ ನಿಂಬಿಹಣ್ಣು ತಗದು ಹೊಸವು ಇಟ್ಲು. ತಗದದ್ದನ್ನ ಚೆಲ್ಲಾಕ ಆಕಿಗೆ ಮನಸು ಬರ್ಲಿಲ್ಲ. ಗಾಲಿ ಹತ್ತೇ ಇಲ್ಲ ಅಂದ ಮ್ಯಾಲೆ ಅದರಾಗ ದೋಷ ಏನೈತಿ ಅಂತ ತೊಳೆದು ಜಾಡಿಗೆ ಹಾಕಿದ್ಲು. ಆ ವರ್ಷ ಓಣಿ ತುಂಬ ನಮ್ಮನಿ ಉಪ್ಪಿನಕಾಯಿ. ಬಾಜು ಮನ್ಯಾಕಿ ಬೆರಳು ಚೀಪಿ, "ಯಾವ ವರ್ಷನೂ ಇಷ್ಟು ಹಾಕಿದ್ದಿಲ್ಲಲ್ರಿ, ಈ ಸಲ ಏನು ವಿಶೇಷ?" ಅಂತ ಕೇಳಿದ್ಲು.

ಅಮ್ಮ ಅಂದ್ಲು, "ಏನಿಲ್ಲರಿ, ಇಂಜಿನ್ ಕೆಟ್ಟೈತಿ."

೩. ಢಬ್

ಬಳ್ಳಾರಿ ಮಿಸ್ತ್ರಿಗಳೆಲ್ಲಾ ಬಾನೆಟ್ ಎತ್ತಿ ನೋಡಿ ಕೈ ಮುಗಿದ್ರು. ಕಡೀಕ ಕುರುಗೋಡಿನಾಗ ಒಬ್ಬ ಟ್ರಾಕ್ಟರ್ ಮಿಸ್ತ್ರಿ ಸಿಕ್ಕ. ವಯಸ್ಸಾದ ಮನುಷ್ಯಾ, ಬಾಯಾಗ ಯಾವಾಗ್ಲೂ ಎಲಿ ಅಡಿಕಿ. ಮತ್ತ ಟ್ರಾಲಿ ಹತ್ತಿಸಿ ಒಯ್ದೆ.

"ಮಾಲಕ್ರು ಎಲ್ಲದಾರ?" ಅಂದ.

"ನಾನೇರಿ."

"ಅಲ್ಲ ಅಕ್ಕಾರ, ಗಾಡಿ ಮಾಲಕ್ರು."

"ಅದೂ ನಾನೇ."

"ಓಡಿಸೋರು?"

"ನಾನೇ."

"ರೊಕ್ಕ ಕೊಡೋರು?"

"ಅದೂ ನಾನೇರಿ."

"ಹಂಗಾರ ಒಳಗ ತರ್ರಿ" ಅಂದ.

ಇಂಜಿನ್ ಬಿಚ್ಚಿ ಕೂಡಿಸಿದ್ಮ್ಯಾಲೆ ಅವನಿಗೆ ಒಂದು ಪೇಚಾಟ ಆತು. ಈ ಗಾಡಿ ನೆಟ್ಟಗಿದ್ದಾಗ ಸದ್ದು ಹೆಂಗ ಮಾಡ್ತಿತ್ತು ಅಂತ ಗೊತ್ತಿಲ್ಲದೆ ಹೊಂದ್ಸೋದು ಹೆಂಗ? ಸಾಹುಕಾರ್ರಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದೆ. ಅವರು ಅದನ್ನೇ ಕಾಯಾಕತ್ತಿದ್ರೇನೋ, ಗಂಟಲು ಸರಿ ಮಾಡ್ಕೊಂಡು ಬಾಯಿಲೇ ಶುರು ಮಾಡಿದ್ರು: "ಘುರ್ರ್ರ್... ಘುಂಯ್ಯ್ಯ್... ಢಬ್! ಘುಂಯ್ಯ್ಯ್... ಢಬ್!"

ಮಿಸ್ತ್ರಿ ಕಣ್ಣು ಮುಚ್ಚಿ ಕೇಳಿದ. ಘುರ್ರ್ ಅವತ್ತೇ ಬಂತು, ಘುಂಯ್ಯ್ ಮರುದಿನ ಬಂತು. ಆದ್ರ ಢಬ್ ಬರ್ವಲ್ದು! ಒಂದು ವಾರ ಗೇರ್ ಬಾಕ್ಸ್ ಬಿಚ್ಚಿದ, ಕಟ್ಟಿದ. ದಿನಾ ಸಂಜಿಕ ಸಾಹುಕಾರ್ರ ಫೋನು: "ಢಬ್ ಬಂತೇನು? ಗೇರ್ ಬದಲಿಸಿದಾಗೊಮ್ಮೆ ಬರಬೇಕು. ಲಗು ಮಾಡಮ್ಮಾಯಿ, ಎಪ್ಪತ್ತೇಳಾತು."

"ಕ್ಲಚ್ ಪೂರಾ ಒತ್ತಬೇಕಿತ್ತೋ, ಅರ್ಧನೋ? ಕೇಳ್ರಿ" ಅಂದ ಮಿಸ್ತ್ರಿ.

ಕೇಳಿದೆ. ಆ ಕಡೆಯಿಂದ ಎರಡು ಸಲ ಕೆಮ್ಮು ಬಂತು. ಆಮ್ಯಾಲೆ, "ಅದು... ಮನಸಿಗೆ ಬಂದಷ್ಟು ಒತ್ತೋದು" ಅಂದ್ರು.

ಮಿಸ್ತ್ರಿ ಎಲಿ ಅಡಿಕಿ ಉಗುಳಿ ಬಂದು ಎದಿ ಮ್ಯಾಲೆ ಕೈ ಇಟ್ಕೊಂಡು, "ಡ್ರೈವಿಂಗ್ ಅಂದ್ರ ಇವರದು ನೋಡ್ರಿ ಅಕ್ಕಾರ. ಕೈಕಾಲಿಂದಲ್ಲ, ದಿಲ್‌ನಿಂದ!" ಅಂದ.

೪. ಸೈಜ್ ಮೂವತ್ನಾಕು

ಸೀಟಿನ ಬಟ್ಟಿ ಇಲಿ ತಿಂದು ಹೋಗಿತ್ತು. ಕೈಯಾಗ ಜೀನ್ಸ್ ಯುನಿಟ್ ಇಟ್ಕೊಂಡು ಬ್ಯಾರೆ ಬಟ್ಟಿ ಯಾಕ ಹುಡುಕಲಿ? ಮಾಲಕರನ್ನ ಕೇಳಿ, ಉಳಿದ ತುಂಡು ಆರಿಸಿ, ನಾನೇ ಅಳತಿ ತಗದು ಕತ್ತರಿಸಿ ನಮ್ಮ ಟೇಲರ್‌ಗೆ ಕೊಟ್ಟು ಊಟಕ್ಕ ಹೋದೆ. ಬಂದು ನೋಡಿದ್ರ ಮುಂದಿನ ಎರಡೂ ಸೀಟಿನ ಬೆನ್ನಿಗೆ ಎರಡೆರಡು ಜೇಬು, ತಾಮ್ರದ ಗುಂಡಿ, ಬೆಲ್ಟ್ ಹಾಕೋ ಪಟ್ಟಿ, ಮ್ಯಾಲೊಂದು ಚೀಟಿ: ೩೪.

"ಇದೇನ್ರಿ ಭಾಯ್?" ಅಂದೆ.

ಟೇಲರ್ ತಲಿ ಕೆರ್ಕೊಂಡು, "ಇಪ್ಪತ್ತು ವರ್ಷ ಆತಕ್ಕಾ ಈ ಕೆಲಸದಾಗ. ಹಿಂಬದಿ ಅಂತ ಕಂಡ್ರ ಸಾಕು, ಕೈ ತಾನಾಗೇ ಜೇಬು ಹಚ್ಚತೈತಿ" ಅಂದ.

ಬಿಚ್ಚಿಸಾಕ ಮನಸು ಆಗ್ಲಿಲ್ಲ. ಮರುವಾರ ಮೋಕ ಊರಿಂದ ಸೋದರತ್ತಿ ಬಂದ್ಲು. ಹಿಂದಿನ ಸೀಟು ಅಂದ್ರ ಅದು ಹೆಸರಿಗೆ ಸೀಟು, ಎರಡು ತೆಂಗಿನಕಾಯಿ ಇಡೋ ಜಾಗ. ಬ್ಯಾಡ ಅಂದ್ರೂ ಮುಂದಿನ ಸೀಟು ಮಡಚಿ ಹೊಕ್ಕು ಕುಂತ್ಲು. ಕುಂತಾಕಿ ಹೊರಗ ಬರಾಕ ಆಗ್ವಲ್ದು. ಒಬ್ಬ ಆಟೋದಾಂವ, ನಾನು, ಅಮ್ಮ ಸೇರಿ ಜಗ್ಗಿ ತಗದ್ವಿ. ಅತ್ತಿ ಸೆರಗು ಝಾಡಿಸ್ಕೊಂಡು ಸೀಟಿನ ಚೀಟಿ ನೋಡಿ, "ತಪ್ಪು ನಂದೇ. ಮೂವತ್ನಾಕು ಅಂತ ಮೊದಲೇ ಬರ್ದಾರ, ನಾನೇ ನೋಡ್ಲಿಲ್ಲ" ಅಂದ್ಲು.

೫. ಕಣ್ಣು

ಸಿರುಗುಪ್ಪಕ್ಕ ಒಯ್ಯೋ ಮೊದಲು ಒಂದು ಟ್ರಯಲ್ ಅಂತ ಕಾರು ಮೊದಲ ಸಲ ತನ್ನ ಕಾಲ ಮ್ಯಾಲೆ ಬಳ್ಳಾರಿ ಸರ್ಕಲ್ಲಿಗೆ ಬಂತು. ಮುಸ್ಸಂಜಿ. ದೀಪದ ಬಟನ್ ಒತ್ತಿದೆ. ಬಲಗಣ್ಣು ನೆಟ್ಟಗ ಎದ್ದು ನಿಂತ್ಕೊಂತು. ಎಡಗಣ್ಣು ಎದ್ದು, ಮುಚ್ಚಿ, ಮತ್ತ ಎದ್ದು, ಮತ್ತ ಮುಚ್ಚಿತು. ಎದುರಿಗೇ ಟ್ರಾಫಿಕ್ ಪೊಲೀಸ್ ನಿಂತಿದ್ದ. ಒಂದ್ಸಲ ಹಿಂದ ತಿರುಗಿ ನೋಡಿದ, ಯಾರೂ ಇಲ್ಲ. ಕಾರು ಮತ್ತ ಕಣ್ಣು ಹೊಡೀತು. ಅವ ಟೋಪಿ ಸರಿ ಮಾಡ್ಕೊಂಡು ಕಿಟಕಿ ಹತ್ರ ಬಂದ.

"ಸಾರ್, ಮೋಟರ್ ಹಾಳಾಗೈತ್ರಿ, ನಾನೇನೂ ಮಾಡಿಲ್ರಿ" ಅಂದೆ.

ಕಾರು ಇನ್ನೊಮ್ಮೆ ಕಣ್ಣು ಹೊಡೀತು. ಅವ ಮಾರಿ ಕೆಂಪಗ ಮಾಡ್ಕೊಂಡು ಅತ್ತಿತ್ತ ನೋಡಿ, ಸಣ್ಣ ದನಿಲೆ, "ಹೋಗ್ರಿ ಮೇಡಂ, ನಂಗ ಮದುವಿ ಆಗೈತಿ" ಅಂದ.

೬. ಇಬ್ಬರೇ

ಕೊಟ್ಟ ಮಾತು ಕೊಟ್ಟದ್ದೇ. ಒಂದು ಐತವಾರ ಅಮ್ಮನ ನಿಂಬಿಹಣ್ಣು ನಾಕನ್ನೂ ಪಚಕ್ ಅಂತ ಹಿಚುಕಿ, ಉಪ್ಪಿನಕಾಯಿ ಬಾಟ್ಲಿ ಇಟ್ಕೊಂಡು ಸಿರುಗುಪ್ಪದ ದಾರಿ ಹಿಡಿದೆ. ಸಾಹುಕಾರ್ರಿಗೆ ಈಗ ಎಪ್ಪತ್ತೆಂಟು.

ಮಿಲ್ಲಿನ ಅಂಗಳದಾಗ ಭತ್ತ ಒಣಗಿಸೋ ಸಿಮೆಂಟ್ ಕಣ ಖಾಲಿ ಬಿದ್ದಿತ್ತು. ಅಂಚಿಗೆ ಭತ್ತದ ಹೊಟ್ಟಿನ ಗುಡ್ಡಿ. ಮನಿಯ ಹದಿನೆಂಟೂ ಮಂದಿ ಕಟ್ಟಿ ಮ್ಯಾಲೆ ಸಾಲಾಗಿ ನಿಂತಿದ್ರು. ಅಜ್ಜಿ ಇಳಕಲ್ ಸೀರಿ ಉಟ್ಟು ಬುತ್ತಿ ಗಂಟು ಹಿಡ್ಕೊಂಡಿದ್ಲು. ಸಾಹುಕಾರ್ರು ಇಸ್ತ್ರಿ ಪಂಚಿ, ಕರೇ ಕನ್ನಡಕ. ಗತ್ತಿಲೆ ಬಂದು ಸೀದಾ ಎಡಗಡೆ ಬಾಗಿಲು ತಗದ್ರು.

"ಅದು ನನ್ನ ಜಾಗ" ಅಂದ್ಲು ಅಜ್ಜಿ.

"ಗೊತ್ತೈತಿ, ನಿಂಗೇ ತಗದೆ" ಅಂತ ಸುತ್ತು ಹಾಕಿ ಬಂದು ಸ್ಟೇರಿಂಗ್ ಮುಂದ ಕುಂತ್ರು. ಬೆರಳು ಮಡಚಿ ನನ್ನ ಕಿಟಕಿ ಹತ್ರ ಕರೆದ್ರು. ಕಿವ್ಯಾಗ ಕೇಳಿದ್ರು, "ಅಮ್ಮಾಯಿ, ಇದರಾಗ ಬ್ರೇಕ್ ಯಾವುದು?"

ಚಾಷ್ಟಿ ಅಂತ ನಕ್ಕೆ. ಅವರು ನಗಲಿಲ್ಲ.

"ನಂಗ ಬರಾಂಗಿಲ್ಲವ್ವಾ. ಡ್ರೈವರ್ ಓಡಿಸ್ತಿದ್ದ, ನಾನು ಎಡಕ್ಕ ಕೂಡ್ತಿದ್ದೆ. ಇಕೀನ ಹಿಂದ ಆ ಗೂಡಿನಾಗ ತುರುಕಿ, ಡ್ರೈವರ್ನ ಕರ್ಕೊಂಡು ಹೋದ್ರ ಅದು ಇಬ್ಬರೇ ಹೋದಂಗ ಆತೇನು? ಕಲಿಯೋಣಂದ್ರ ಯಾರನ್ನ ಕೇಳ್ಲಿ? ಓಡಿಸ್ತೀನಿ ಅಂತ ಊರಿಗೆಲ್ಲಾ ಹೇಳಿಟ್ಟೀನಿ. ರಾತ್ರೆಲ್ಲಾ ನಿದ್ದಿಲ್ಲ ನಂಗ."

ನಾನು ನಗೋದು ನಿಲ್ಲಿಸಿದೆ. ಕಟ್ಟಿ ಮ್ಯಾಲೆ ಮಕ್ಕಳು ಆಗ್ಲೇ ಮುಸಿಮುಸಿ ನಗಾಕತ್ತಿದ್ರು. ಈಗ ಈ ಅಜ್ಜ ಕಾರಿಂದ ಇಳಿದ್ರ ಮತ್ತ ಜನ್ಮದಾಗ ಹತ್ತಾಂಗಿಲ್ಲ ಅನ್ನಿಸ್ತು.

"ಇಂಜಿನ್ ಕಾಯಬೇಕ್ರಿ, ಹೊಗಿ ಬರ್ತೈತಿ! ಎಲ್ಲಾರೂ ಹತ್ತು ನಿಮಿಷ ಒಳಗ ಹೋಗ್ರಿ!" ಅಂತ ಒದರಿದೆ. ಅವರು ಒಳಗ ಹೋಗಿದ್ದೇ ತಡ, ಎಡಗಡೆ ಸೀಟು ಮಡಚಿ, ಮೋಕದ ಅತ್ತಿನ್ನ ನೆನಸ್ಕೊಂಡು ಹಿಂದಿನ ಗೂಡಿಗೆ ಹೊಕ್ಕು, ಮ್ಯಾಲೊಂದು ಗೋಣಿಚೀಲ ಹೊಚ್ಕೊಂಡು ಮಲಗಿದೆ. ಅಜ್ಜಿ ಏನೂ ಕೇಳದ ಸೀಟು ನೆಟ್ಟಗ ಮಾಡಿ ಮುಂದ ಕುಂತ್ಲು.

"ಎಡಗಾಲು ಪೂರಾ ಒತ್ರಿ. ಮೊದಲನೇ ಗೇರ್. ಈಗ ನಿಧಾನ ಬಿಡ್ರಿ" ಅಂತ ಚೀಲದೊಳಗಿಂದ ಪಿಸುಗುಟ್ಟಿದೆ.

ಮೂರು ಸಲ ಕಾರು ಜಿಗಿದು ಸತ್ತಿತು. ಸಾಹುಕಾರ್ರು ಬೆವರು ಒರಸ್ಕೊಂಡು, "ಗಾಡಿ ಭಾಳ ದಿನ ನಿಂತೈತಿ ನೋಡು, ಅದಕ್ಕ" ಅಂದ್ರು.

"ನಿಮಗ ಬರಾಂಗಿಲ್ಲ ಅಂತ ಡ್ರೈವರ್ನ ಹೆಂಡ್ತಿ ನಂಗ ಅವತ್ತೇ ಹೇಳಿದ್ಲು" ಅಂದ್ಲು ಅಜ್ಜಿ.

"ಮತ್ತ ಸುಮ್ನ್ಯಾಕಿದ್ದಿ?"

"ಅಂದಿದ್ರ ನಾಚಿ ಗಾಡಿ ಮಾರಿ ಬಿಡ್ತಿದ್ರಿ. ಎಡಗಾಲು ಒತ್ರಿ, ಹುಡುಗಿ ಹೇಳಾಕತ್ತೈತಿ."

ನಾಕನೇ ಸಲ ಕಾರು ಹೊಂಟೇ ಬಿಡ್ತು. ಮನುಷ್ಯಾ ನಡೆದಷ್ಟು ಜೋರು. ಒಂದು ಸುತ್ತು, ಎರಡು ಸುತ್ತು. ಸದ್ದಿಗೆ ಮನಿಮಂದಿಯೆಲ್ಲಾ ಹೊರಗ ಬಂದು ಬಾಯಿ ತಗದು ನಿಂತದ್ದು ಚೀಲದ ಸಂದಿಯಾಗಿಂದ ಕಾಣ್ತು. ಧೈರ್ಯ ಬಂದು ಎರಡನೇ ಗೇರ್ ಹಾಕ್ಸಿದೆ. ಕಾರು ಜಗ್ಗಿತು, ಅಜ್ಜಿ ಮೊಣಕಾಲು ಡ್ಯಾಶ್‌ಬೋರ್ಡಿನ ಡಬ್ಬಿಗೆ ಬಡೀತು: ಢಬ್!

"ಇದೇ! ಇದೇ ಸದ್ದು!" ಅಂತ ಸಾಹುಕಾರ್ರು ಕುಣಿದ್ರು. "ಎಡಕ್ಕ ಕುಂತು ಹತ್ತು ವರ್ಷ ನನ್ನ ಮೊಣಕಾಲು ಬಡ್ಕೊಂಡದ್ದು ಇದಕ್ಕೇನು!"

ಕುರುಗೋಡಿನ ಮಿಸ್ತ್ರಿ ಒಂದು ವಾರ ಗೇರ್ ಬಾಕ್ಸಿನಾಗ ಹುಡುಕಿದ್ದು ಸಾಹುಕಾರ್ರ ಮೊಣಕಾಲನ್ನ!

"ನೋಡಿದ್ಯಾ ಹೆಂಗ? ಇಬ್ಬರೇ!" ಅಂದ್ರು ಸಾಹುಕಾರ್ರು.

"ಹೂಂ ರೀ, ಇಬ್ಬರೇ" ಅಂದ್ಲು ಅಜ್ಜಿ. ಅವರಿಗೆ ಒಂದು ತುತ್ತು ತಿನ್ನಿಸಿ, ತಾನು ತಿರುಗಿ ನೋಡದಂಗ ಕೈ ಅಷ್ಟೇ ಹಿಂದ ಚಾಚಿ, ಉಪ್ಪಿನಕಾಯಿ ಸುತ್ತಿದ ಒಂದು ರೊಟ್ಟಿ ತನ್ನ ಸೀಟಿನ ಬೆನ್ನಿನ ಜೇಬಿಗೆ ಇಳಿಸಿದ್ಲು. ಅದು ನನ್ನ ಮೂಗಿನ ಮುಂದೇ ಬಂತು.

"ಬ್ರೇಕ್! ನಡುವಿಂದು!" ಅನ್ನೋದ್ರೊಳಗ ಕಾರು ಹೊಟ್ಟಿನ ಗುಡ್ಡಿಗೆ ಮೆತ್ತಗ ಮೂಗು ಇಟ್ಟು ನಿಂತ್ಕೊಂತು. ಕಟ್ಟಿ ಮ್ಯಾಲೆ ಚಪ್ಪಾಳಿ, ಸೀಟಿ. ಸಾಹುಕಾರ್ರು ಇಳಿದು, ಕನ್ನಡಕ ಸರಿ ಮಾಡ್ಕೊಂಡು, ಮಕ್ಕಳ ಮುಂದ ನಿಂತು, "ಕ್ಲಚ್ ಸ್ವಲ್ಪ ಬಿಗಿ ಐತಿ. ನಮ್ಮಂಥವರಿಗೆ ನಡೀತೈತಿ, ಹೊಸಬರಿಗೆ ಕಷ್ಟ" ಅಂದ್ರು.

ಅಜ್ಜಿನೂ ಇಳಿದು ಬಾಗಿಲು ಹಾಕಿದ್ಲು. ಮಂದಿ ಕಾರಿನ ಸುತ್ತ ಮುತ್ಕೊಂಡ್ರು. ನಾನು ಚೀಲದ ಕೆಳಗ ಉಸಿರು ಬಿಗಿ ಹಿಡಿದು, ಬಾಯಾಗಿನ ರೊಟ್ಟಿ ಅಗಿಯಾಕೂ ಹೆದರಿ ಮಲಗಿದ್ದೆ.

"ಅವ್ವಾ, ಆ ಬಳ್ಳಾರಿ ಹುಡುಗಿ ಎಲ್ಲಿ ಹೋದ್ಲು?" ಅಂತ ಹಿರೀ ಮಗ ಕೇಳಿದ.

"ಆಕೀನಾ?" ಅಂತ ಅಜ್ಜಿ ಬುತ್ತಿ ಗಂಟು ಕಟ್ಟಿದ್ಲು. "ಗಂಡ ಹೆಂಡ್ತಿ ಇಬ್ಬರೇ ಇರ್ಲಿ ಅಂತ ದೂರ ಸರಿದು ಹೋಗ್ಯಾಳ. ಮನಿಯಾಗ ಹದಿನೆಂಟು ಮಂದಿ ಅದೀರಿ, ಒಬ್ಬರಿಗ್ಯಾರ ಅಷ್ಟು ತಿಳುವಳಿಕಿ ಐತೇನು?"