ಎಲ್ಲರಿಗೂ ಎಲ್ಲರ ಪರಿಚಯ ಇರುವಲ್ಲಿ ಪ್ರಚಾರದ ಕೆಲಸ

ಬಿ.ಸಿ. ರೋಡಿನಲ್ಲಿ ನನ್ನದೊಂದು ಸಣ್ಣ ಪ್ರಚಾರದ ಆಫೀಸು ಉಂಟು. ಯಾರಿಗೆ ಯಾರ ಪರಿಚಯ ಎಂಬ ಜಾಲವನ್ನು ಸರಿಯಾಗಿ ಹಿಡಿದರೆ ಸುದ್ದಿ ತಾನಾಗಿ ಊರು ಸುತ್ತುತ್ತದೆ ಎಂದು ಒಂದು ತರಬೇತಿಯಲ್ಲಿ ಕಲಿತು ಬಂದವಳು ನಾನು. ಕಲಿತದ್ದರಲ್ಲಿ ತಪ್ಪಿಲ್ಲ. ಆದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆ ಅದನ್ನು ಪ್ರಯೋಗಿಸಿದಾಗಲೆಲ್ಲ ಏನಾದರೊಂದು ಆಗಿಯೇ ಆಗುತ್ತದೆ.

ಎಲ್ಲರ ಮೊಬೈಲಿನಲ್ಲಿ ಇರುವವರು

ಮೂಡುಬಿದಿರೆಯಲ್ಲಿ ಹೊಸ ಬೇಕರಿ. ಊರಿನಲ್ಲಿ ಅತಿ ಹೆಚ್ಚು ಪರಿಚಯ ಇರುವವರನ್ನು ಹುಡುಕಿ, ಅವರ ಬಾಯಿಂದಲೇ ಸುದ್ದಿ ಹಬ್ಬಿಸುವುದು ನನ್ನ ಯೋಜನೆ. ವಿಚಾರಿಸಿ ನೋಡಿದರೆ ಪೇಟೆಯ ಎಲ್ಲರ ಮೊಬೈಲಿನಲ್ಲೂ ಒಬ್ಬ ವಿಮಾ ಏಜೆಂಟರ ನಂಬರ್ ಇತ್ತು. ಅವರಿಗೇ ಕೆಲಸ ಒಪ್ಪಿಸಿದೆ. ಅವರು ಬೆಳಗ್ಗಿನಿಂದ ಸಂಜೆಯವರೆಗೆ ಊರಿಗೆಲ್ಲ ಫೋನ್ ಮಾಡಿದರು. ಉದ್ಘಾಟನೆಗೆ ಬಂದದ್ದು ಅವರು ಮತ್ತು ಅವರ ಹೆಂಡತಿ.

ಪಕ್ಕದ ಮೆಡಿಕಲ್‌ನವರನ್ನು ಕೇಳಿದೆ, "ಅವರ ನಂಬರ್ ನಿಮ್ಮಲ್ಲಿ ಉಂಟಲ್ಲ, ಮತ್ತೆ ಎಂತಕ್ಕೆ ಬರಲಿಲ್ಲ?"

"ನಂಬರ್ ಉಂಟು ಮೇಡಂ. ಎತ್ತಬಾರದು ಅಂತ ಗೊತ್ತಾಗ್ಲಿಕ್ಕೆ ಸೇವ್ ಮಾಡಿದ್ದು."

ಎದುರಿನ ಅಂಗಡಿಯವರು

ಫರಂಗಿಪೇಟೆಯ ಒಬ್ಬ ಹಾಜಿಯವರದು ಬಟ್ಟೆ ಅಂಗಡಿ. ಹಬ್ಬದ ಹೊಸ ಬಟ್ಟೆಗಳ ವಿಡಿಯೋ ಮಾಡಿಕೊಟ್ಟು, ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿ ಹಾಕಲು ಹೇಳಿದೆ. ಸಂಜೆಯೊಳಗೆ ಅದು ದುಬೈ, ದಮ್ಮಾಮ್, ಜುಬೈಲ್ ಎಲ್ಲ ಸುತ್ತಿ ಬಂತು. ಎಲ್ಲ ಕಡೆಯಿಂದ ಮಾಶಾ ಅಲ್ಲಾಹ್ ಬಂತು. ಗಿರಾಕಿ ಮಾತ್ರ ಬರಲಿಲ್ಲ.

ಕೊನೆಗೆ ರಸ್ತೆಯ ಎದುರಿನ ಹಣ್ಣಿನಂಗಡಿಯವರು ದಾಟಿ ಬಂದರು. "ಹೊಸ ಸ್ಟಾಕ್ ಬಂದಿದೆಯಂತೆ. ಜುಬೈಲಿನಿಂದ ಮಗ ಫೋನ್ ಮಾಡಿ ಹೇಳಿದ."

ಹಾಜಿಯವರಿಗೆ ಜೀವ ಬಂದ ಹಾಗಾಯಿತು. "ಬನ್ನಿ, ಎಂತ ತೋರಿಸುವ?"

"ತೋರಿಸುವುದು ಬೇಡ, ರೇಟು ಹೇಳಿದರೆ ಸಾಕು. ಇದಕ್ಕಿಂತ ಕಡಿಮೆಗೆ ಸಿಕ್ಕಿದರೆ ಅಲ್ಲಿಂದಲೇ ತರ್ತಾನಂತೆ."

ಪಾರ್ಟ್ನರ್ ಬೇಕಾಗಿದ್ದಾರೆ

ಬೆಳ್ತಂಗಡಿಯ ಒಬ್ಬ ಹೋಟೆಲ್ ಧಣಿಗೆ ಲಾಯಿಲದಲ್ಲಿ ಇನ್ನೊಂದು ಹೋಟೆಲು ತೆರೆಯಲು ಪಾರ್ಟ್ನರ್ ಬೇಕಿತ್ತು. ಪ್ರಾಯ ಐವತ್ತು ದಾಟಿದ, ಮಿತಭಾಷಿ ಮನುಷ್ಯ. ಹೆಂಡತಿ ಆಗ ತಂಗಿಯ ಮಗಳ ಬಾಣಂತನಕ್ಕೆಂದು ಮೂಡುಬಿದಿರೆಯ ತವರಿಗೆ ಹೋಗಿದ್ದರು.

"ಆಪ್ತರಿಗೆ ಹೇಳಿ ಪ್ರಯೋಜನ ಇಲ್ಲ," ಅಂದೆ ನಾನು. "ಅವರಿಗೆ ಗೊತ್ತಿರುವವರು ನಿಮಗೂ ಗೊತ್ತಿರುವವರೇ. ದೂರದ ಪರಿಚಯದವರಿಗೆ ಹೇಳಿ."

ಅವರು ಚಹಾಕ್ಕೆ ಬರುವ ಮೂಡುಬಿದಿರೆ ಬಸ್ಸಿನ ಕಂಡಕ್ಟರಿಗೆ ಹೇಳಿದರು. ನಾನು ಅಂದುಕೊಂಡದ್ದಕ್ಕಿಂತಲೂ ಬೇಗ ಸುದ್ದಿ ಹರಡಿತು. ವೇಣೂರು ದಾಟುವಾಗ ಲಾಯಿಲದ ಹೋಟೆಲಿನ ವಿಷಯ ಎಲ್ಲಿಯೋ ಬಿದ್ದುಹೋಯಿತು, ಅಷ್ಟೆ. ಮೂಡುಬಿದಿರೆಗೆ ತಲುಪಿದ್ದು ಹೀಗೆ: ಹೆಂಡತಿ ಮನೆಯಲ್ಲಿಲ್ಲ, ಧಣಿ ಪಾರ್ಟ್ನರ್ ಹುಡುಕುತ್ತಿದ್ದಾರೆ.

ಮರುದಿನ ನಾನು ಹೋಟೆಲಿನಲ್ಲಿ ಕೂತಿದ್ದಾಗ ಫೋನ್ ಬರಲು ಶುರುವಾಯಿತು. ಒಬ್ಬರು ಬಂಡವಾಳದ ಮಾತೆತ್ತದೆ ಧಣಿಯ ಪ್ರಾಯ ಕೇಳಿದರು. ಇನ್ನೊಬ್ಬರು ನಕ್ಷತ್ರ ಕೇಳಿದರು.

"ಈಗಿನವರು ಎಲ್ಲ ನೋಡಿಯೇ ವ್ಯವಹಾರಕ್ಕೆ ಇಳಿಯುವುದು," ಎಂದು ಧಣಿ ನನಗೆ ಹೇಳಿ, ಫೋನಿನಲ್ಲಿ "ಉತ್ತರಾಷಾಢ" ಅಂದರು.

ಅಷ್ಟರಲ್ಲಿ ಹೊರಗೆ ರಿಕ್ಷಾ ನಿಂತಿತು. ಬ್ಯಾಗು ಹಿಡಿದುಕೊಂಡು ಹೆಂಡತಿ ಇಳಿದು ಬಂದರು. ಧಣಿ ಎದ್ದು ನಿಂತರು.

"ಪಾರ್ಟ್ನರ್ ಬೇಕಂತೆ?"

"ಹೋಟೆಲಿಗೆ ಮಾರಾಯ್ತಿ," ಅಂದರು ಧಣಿ.

ಹೆಂಡತಿ ನನ್ನ ಕಡೆ ತಿರುಗಿದರು. "ಹೌದಮ್ಮ, ವ್ಯವಹಾರಕ್ಕೆ ಮಾತ್ರ," ಅಂದೆ.

ಅವರು ಬ್ಯಾಗನ್ನು ಕೆಳಗಿಟ್ಟು, ಕ್ಯಾಶ್ ಕೌಂಟರಿನ ಒಳಗೆ ಬಂದು ಧಣಿಯ ಕುರ್ಚಿಯಲ್ಲಿ ಕೂತರು.

"ಮದುವೆಯಾದಾಗಿನಿಂದ ಹೋಟೆಲಿನ ವಿಷಯಕ್ಕೆ ಬರಬೇಡ ಅಂತ ಹೇಳ್ತಿದ್ದರು," ಎಂದು ನನಗೆ ಹೇಳಿದರು. "ಪಾರ್ಟ್ನರ್ ಸಿಕ್ಕಿಯಾಯ್ತು ಅಂತ ಹೇಳಿಬಿಡಿ."

"ಯಾರಿಗೆಲ್ಲ ಹೇಳಬೇಕು?" ಅಂತ ಕೇಳಿದೆ.

"ಮೊದಲು ಇವರಿಗೆ."